ಸಾಕಮ್ಮನ ಹಲ್ಲು, ಚಲುವನ ಉಪ್ಪುನೀರು

ಗಾಣದಕೊಪ್ಪಲು ಅಂತ ಒಂದು ಊರು. ಊರು ಅಂದರೆ ಏನು, ಮೂವತ್ತು ಮನೆ, ಒಂದು ಆಲೆಮನೆ. ಎತ್ತು ಕಟ್ಟಿ ಗಾಣ ತಿರುಗಿಸೋ ಕಾಲ ಅದು. ಕಬ್ಬಿನ ಹಾಲು ಕೊಪ್ಪರಿಗೇಲಿ ಕುದಿಯೋಕೆ ಶುರುವಾದರೆ ಊರಿಗೆ ಊರೇ ಘಮ್ಮನ್ನೋದು. ಈಗ ಕೊಪ್ಪರಿಗೆ ಇಲ್ಲ. ಗಾಣ ಇಲ್ಲ. ಆ ಘಮ ಮಾತ್ರ ಮೂಗಿನಲ್ಲಿ ಎಲ್ಲೋ ಉಳಕೊಂಡಿದೆ. ಅದನ್ನು ಹಿಡಕೊಂಡೇ ಈ ಕತೆ. ಕೇಳೋರು ನಡುನಡುವೆ ಹೂಂ ಅನ್ನಬೇಕು. ಹೂಂ ಅನ್ನೋರಿಲ್ಲದೆ ಕತೆ ಹೇಳೋದು ಬಹಳ ಕಷ್ಟ.

ಆ ಊರಲ್ಲಿ ಸಾಕಮ್ಮ ಅಂತ ಒಬ್ಬಳು. ಗಂಡ ಇಲ್ಲ. ಒಬ್ಬನೇ ಮಗ, ಚಲುವ. ನೋಡೋಕೆ ಹೆಸರಿಗೆ ತಕ್ಕ ಹಾಗೇ ಇದ್ದ. ಆದರೆ ಹೇಳಿದ್ದನ್ನು ಹೇಳಿದ ಹಾಗೇ ಮಾಡೋನು. ಒಂದು ಗುಲಗಂಜಿ ಹೆಚ್ಚಿಲ್ಲ, ಒಂದು ಗುಲಗಂಜಿ ಕಮ್ಮಿ ಇಲ್ಲ.

ಆರು ವರ್ಷದೋನಿದ್ದಾಗ ಆಲೆಮನೇಲಿ ಬಿಸಿ ಬೆಲ್ಲಕ್ಕೆ ಕೈ ಹಾಕೋಕೆ ಹೋದ. ಅವ್ವ ಕೂಗಿದಳು.

"ಬೆಲ್ಲ ಮುಟ್ಟಬ್ಯಾಡ ಕಣ್ಲಾ!"

"ಹಂಗೇ ಆಗ್ಲಿ ಕಣವ್ವ," ಅಂದ ಚಲುವ.

ಅವತ್ತು ಮುಟ್ಟಲಿಲ್ಲ. ಮಾರನೇ ದಿನ ಮುಟ್ಟಲಿಲ್ಲ. ಇಪ್ಪತ್ತಾರು ವರ್ಷದ ಗಂಡಸಾದ, ಆಗಲೂ ಮುಟ್ಟಲಿಲ್ಲ. ಆಲೆಮನೇಲೇ ಕೆಲಸ, ಗಾಣದ ಎತ್ತು ಹೊಡೆಯೋದು. ಯಾರಾದರೂ "ಲೋ ಚಲುವ, ಆ ಅಚ್ಚು ಬೆಲ್ಲ ಈ ಕಡೆ ಕೊಡ್ಲಾ" ಅಂದರೆ ಹೆಗಲ ಟವಲ್ಲು ಸುತ್ತಿ ಎತ್ತಿ ಕೊಡೋನು. ಎಲ್ಲರೂ ನಗೋರು.

"ಸಾಕಮ್ಮ, ನಿನ್ನ ಮಗಂಗೆ ಬೆಲ್ಲ ಅಂದ್ರೆ ಮಡಿ ಕಣಮ್ಮ!"

"ಇವರಪ್ಪ ಹೋಗೋವಾಗ ಇವನ ಬುದ್ಧೀನೂ ಜತೇಲೇ ಕರಕೊಂಡು ಹೋದ," ಅನ್ನೋಳು ಸಾಕಮ್ಮ.

ಅವಳದು ಒಲೆ ಮುಂದಿನ ಕೆಲಸ. ಒಣಗಿದ ಕಬ್ಬಿನ ಸಿಪ್ಪೆ ತುರುಕಿ ತುರುಕಿ ಬೆಂಕಿ ಉರಿಸೋದು. ಬಾಯಿ ಒಣಗಬಾರದು ಅಂತ ದವಡೇಲಿ ಒಂದು ಚೂರು ಬೆಲ್ಲ. ಅದು ಕರಗಿದರೆ ಇನ್ನೊಂದು. ಬೆಳಿಗ್ಗೆಯಿಂದ ಸಂಜೆಗಂಟ ಹಿಂಗೇ. ವರ್ಷಗಟ್ಟಲೆ ಹಿಂಗೇ.

ಒಂದು ದಿನ ಎಡಗಡೆ ದವಡೆ ಹಲ್ಲು ಚುಳುಕ್ ಅಂತು.

"ಲೋ ಮಗಾ, ಶೆಟ್ಟರ ಅಂಗಡೀಲಿ ಎರಡು ಲವಂಗ ಈಸ್ಕೊ. ಬೇಗ ಹಲ್ಲಿಗಿಡಬೇಕು, ಓಡು!"

"ಹಂಗೇ ಆಗ್ಲಿ ಕಣವ್ವ."

ಓಡಿದ. ಓಡಿ ಬಂದ. ಕಣ್ಣಲ್ಲಿ ನೀರು, ಬಾಯಿ ಬಿಗಿಯಾಗಿ ಮುಚ್ಚಿದೆ.

"ಎಲ್ಲಿ ಲವಂಗ?"

"ಹಲ್ಲಲ್ಲೈತೆ."

"ಯಾರ ಹಲ್ಲಲ್ಲಿ?"

"ನನ್ನ ಹಲ್ಲಲ್ಲಿ. ಬೇಗ ಹಲ್ಲಿಗಿಡಬೇಕು ಅಂದೆ. ನಿನ್ನ ಹಲ್ಲು ದೂರ ಇತ್ತು. ನಂದು ಹತ್ರ ಇತ್ತು."

ಸಾಕಮ್ಮ ಹಣೆ ಹಣೆ ಚಚ್ಚಿಕೊಂಡಳು. "ಅಯ್ಯೋ ಪೆದ್ದು ಮುಂಡೇದೆ! ಏನು ತಂದ್ರೂ ಬಾಯಿಗೆ ಹಾಕ್ಕೋಬಾರದು. ಬೊಗಸೇಲಿ ಜ್ವಾಪಾನವಾಗಿ ಹಿಡ್ಕೊಂಡು ತರಬೇಕು!"

"ಹಂಗೇ ಆಗ್ಲಿ ಕಣವ್ವ."

ಅವಳೇ ಹೋಗಿ ಲವಂಗ ತಂದಳು. ಎರಡು ದಿನ ನೋವು ನಿಂತಿತು. ನೋವು ನಿಂತಿತು ಅಂತ ಹಲ್ಲಿನ ವಿಚಾರ ಮರೆತಳು. ಬೆಲ್ಲದ ಚೂರು ಬಲಗಡೆ ದವಡೆಗೆ ಬಂತು, ಅಷ್ಟೇ.

ಎಂಟು ದಿನಕ್ಕೆ ಮತ್ತೆ ಚುಳುಕ್. ಈ ಸಲ ಕಿವೀಗಂಟ ಎಳೆಯಿತು. ಪಕ್ಕದ ಮನೆ ದುಂಡಜ್ಜಿ ಹಿತ್ತಲಿಂದಲೇ ಕೂಗಿದಳು, "ಸಾಕೀ, ಬಿಸಿ ನೀರಿಗೆ ಉಪ್ಪು ಹಾಕಿಟ್ಟಿವ್ನಿ. ಬಾಯಿ ಮುಕ್ಕಳಿಸು. ನಿನ್ನ ಮಗನ್ನ ಕಳಿಸು!"

ಚಲುವ ಹೋದ. ಅಜ್ಜಿ ಚೊಂಬು ಕೊಡೋಕೆ ಬಂದರೆ ಇವನು ಬೊಗಸೆ ಒಡ್ಡಿದ.

"ಏನ್ಲಾ ಇದು?"

"ಬೊಗಸೇಲಿ ತರಬೇಕಂತೆ ಕಣಜ್ಜಿ. ಹುಯ್ಯಿ."

"ಸುಡ್ತದೆ ಕಣ್ಲಾ!"

"ಸುಡಲಿ. ಹುಯ್ಯಿ."

ಅಜ್ಜಿ ಹುಯ್ದಳು. ಚಲುವ ಹಾ ಹೂ ಅಂತ ಕುಣೀತಾ ಬಂದ. ಬಾಗಿಲಿಗೆ ಬರೋ ಹೊತ್ತಿಗೆ ಬೊಗಸೇಲಿ ನೀರಿಲ್ಲ. ಅಂಗೈ ಎರಡೂ ಟೊಮೇಟೊ.

"ಅವ್ವ, ಬಾಯಿ ಬಿಡು. ಕಿರುಬೆರಳ ತುದೀಲಿ ಒಂದು ತೊಟ್ಟೈತೆ."

ಸಾಕಮ್ಮ ಒಂದು ಕೈಯಲ್ಲಿ ದವಡೆ ಹಿಡಕೊಂಡಳು, ಇನ್ನೊಂದು ಕೈಯಲ್ಲಿ ಮಗನ ಅಂಗೈಗೆ ಬೆಣ್ಣೆ ಹಚ್ಚಿದಳು. ಬೈದಳು. "ನೀರು ಅಂದ್ರೆ ಚೊಂಬಲ್ಲಿ ತರಬೇಕು ಕಣ್ಲಾ! ತುಳುಕದಂಗೆ ಬಾಯಿಗೆ ಬಟ್ಟೆ ಕಟ್ಟಬೇಕು! ತಿಳೀತಾ? ಬಾಯಿಗೆ ಬಟ್ಟೆ!"

"ತಿಳೀತು ಕಣವ್ವ. ಬಾಯಿಗೆ ಬಟ್ಟೆ."

ನಾಲ್ಕು ದಿನ ಕಳೀತು. ಸಾಕಮ್ಮನ ಎಡಗೆನ್ನೆ ಕಡುಬಿನ ಹಾಗೆ ಉಬ್ಬಿತು. ದುಂಡಜ್ಜಿ ಉಪ್ಪಿನ ಗಂಟು ಕಾಯಿಸಿಕೊಂಡು ಬಂದಳು, ಕೆನ್ನೆಗೆ ಶಾಖ ಕೊಡೋಕೆ. ಸೊಂಟದಲ್ಲಿ ಒಂದು ಸೂಜಿ ಬೇರೆ. "ಚುಚ್ಚಿಬಿಟ್ರೆ ಕೀವು ಹೊಂಟೋಗ್ತದೆ."

ಮಕ್ಕಳಿಗೆ ಸೂಜಿ ಹಾಕೋ ನರ್ಸಮ್ಮ ಅವತ್ತು ಊರಿಗೆ ಬಂದಿದ್ದಳು. ಬಾಗಿಲಲ್ಲೇ ನಿಂತು ಗದರಿದಳು.

"ಅಜ್ಜೀ! ಸೂಜಿ ಒಳಗಿಡು! ಶಾಖಾನೂ ಬೇಡ, ಚುಚ್ಚೋದೂ ಬೇಡ, ಹಿಸುಕೋದೂ ಬೇಡ!"

"ಹಲ್ಲು ನೋವು ಕಣಮ್ಮ," ಅಂದಳು ಸಾಕಮ್ಮ. "ಇದಕ್ಕೆಲ್ಲ ಯಾರು ಆಸ್ಪತ್ರೆಗೆ ಹೋಗ್ತಾರೆ?"

"ಹಲ್ಲು ಹುಳುಕಾಗಿ ಬೇರಿಗೆ ಕೀವು ಇಳಿದಿದೆ. ಅದು ಅಲ್ಲೇ ನಿಲ್ಲುತ್ತೆ ಅಂದುಕೊಂಡೆಯಾ? ಈಗ ಕೆನ್ನೆಗೆ ಬಂದಿದೆ. ನಾಳೆ ಕಣ್ಣಿಗೆ ಹತ್ತಬಹುದು. ಕತ್ತಿಗೆ ಇಳಿದರೆ ಉಸಿರೇ ಕಟ್ಟುತ್ತೆ. ಜೀವ ಹೋಗುತ್ತೆ ಸಾಕಮ್ಮ."

ಸಾಕಮ್ಮ ಕೆನ್ನೆ ಮುಟ್ಟಿ ನೋಡಿಕೊಂಡಳು. ಆಮೇಲೆ ಮೆಲ್ಲಗೆ ಅಂದಳು, "ಇವರಪ್ಪಂಗೂ ಹಿಂಗೇ ಊದಿತ್ತು. ಹಲ್ಲು ನೋವು ಅಂತ ಮೂರು ತಿಂಗಳು ಅಂತಿದ್ದ. ಊದಿದ ಮೇಲೆ ಎಲ್ಲರೂ ದೃಷ್ಟಿ ಅಂದ್ರು. ನಾನೇ ಮೆಣಸಿನಕಾಯಿ ನಿವಾಳಿಸಿದೆ. ನಾಲ್ಕೇ ದಿನ."

ಚಲುವನಿಗೆ ನೆನಪಿತ್ತು. ಅಪ್ಪನ ಮುಖ ಕುಂಬಳಕಾಯಿ ಹಾಗೆ ಆಗಿತ್ತು. ಒಂದು ಕಣ್ಣು ಮುಚ್ಚಿಹೋಗಿತ್ತು. ಇನ್ನೊಂದು ಕಣ್ಣಲ್ಲಿ ಇವನನ್ನೇ ನೋಡುತ್ತಿದ್ದ. ಈಗ ಅವ್ವನ ಕೆನ್ನೆ ನೋಡಿದ.

"ನರ್ಸಮ್ಮಾ, ನಾನೇನು ಮಾಡ್ಲಿ? ಹೇಳು. ಹೇಳಿದಂಗೇ ಮಾಡ್ತೀನಿ."

"ನಾಳೆ ಬೆಳಿಗ್ಗೆ ಸಂತೆ ಊರಿನ ಹಲ್ಲಿನ ಡಾಕ್ಟರ ಹತ್ತಿರ ಕರಕೊಂಡು ಹೋಗು. ಅಲ್ಲೀವರೆಗೂ ನಿಮ್ಮವ್ವನ ಬಾಯಿ ಕಟ್ಟು. ಒಂದು ಚೂರು ಬೆಲ್ಲ ಒಳಗೆ ಹೋಗಬಾರದು."

"ಹಂಗೇ ಆಗ್ಲಿ."

ನರ್ಸಮ್ಮ ಆ ಕಡೆ ಹೋದಳು, ಚಲುವ ಟವಲ್ಲು ತಗೊಂಡ. ತುಳುಕದ ಹಾಗೆ, ಬಾಯಿಗೆ ಬಟ್ಟೆ. ಅವ್ವ ಅದೇನು ಅಂತ ಕೇಳೋಕೆ ಮುಂಚೇನೇ ಬಾಯಿಗೆ ಮೂರು ಸುತ್ತು ಸುತ್ತಿ ತಲೆ ಹಿಂದೆ ಗಂಟು ಹಾಕಿದ. ನೊಗಕ್ಕೆ ಹಾಕೋ ಗಂಟು.

"ಊಂ! ಊಂ ಊಂ!"

"ಬೆಲ್ಲ ಕೇಳಬ್ಯಾಡ ಕಣವ್ವ. ನರ್ಸಮ್ಮ ಬ್ಯಾಡ ಅಂದವ್ಳೆ."

ದುಂಡಜ್ಜಿ ಓಡಿ ಬಂದು ಬಿಚ್ಚಿದಳು. ಸಾಕಮ್ಮ ಉಸಿರು ಎಳಕೊಂಡು ಎಳಕೊಂಡು ಬೈದಳು. ಒಂದೇ ಕೆನ್ನೇಲಿ ಬೈದಳು, ಆದರೂ ಚೆನ್ನಾಗೇ ಬೈದಳು. "ಮುಖ ಊದಿರೋಳ ಬಾಯಿ ಬಿಗೀತೀಯಲ್ಲೋ ಕೋಣ! ಬಾಯಿ ಕಟ್ಟು ಅಂದ್ರೆ ತಿನ್ನದಂಗೆ ಇರಿಸು ಅಂತ! ನಾಳೆ ಆಸ್ಪತ್ರೇಲಿ ನಿನ್ನ ಬುದ್ಧಿ ಓಡಿಸಬ್ಯಾಡ. ಅವರು ಏನಂತಾರೋ ಅದನ್ನ ಕೇಳು. ಎದುರು ಮಾತಾಡಬ್ಯಾಡ!"

"ಹಂಗೇ ಆಗ್ಲಿ ಕಣವ್ವ."

ಬೆಳಿಗ್ಗೆ ಗಾಡಿ ಕಟ್ಟಿದ. ಹುಲ್ಲು ಹಾಸಿ ಅವ್ವನನ್ನು ಮಲಗಿಸಿದ. ಮೈ ಕೆಂಡ. ಕೆನ್ನೆ ಮಿರಮಿರ ಮಿಂಚುತ್ತಿದೆ. ಸಂತೆ ಊರಲ್ಲಿ ಹುಣಸೆ ಮರದ ಕೆಳಗೆ ಗಾಡಿ ಬಿಟ್ಟ. ಅವ್ವ ಜ್ವರದಲ್ಲಿ ಕಣ್ಣು ಮುಚ್ಚಿದಳು. ಇವನು ಒಳಗೆ ಹೋಗಿ ಹೆಸರು ಬರೆಸಿ ಬೆಂಚಿನ ಮೇಲೆ ಕೂತ. ಬಹಳ ಹೊತ್ತು ಕೂತ. ಕೊನೆಗೆ ಬಿಳಿ ಕೋಟಿನ ಕಾಂಪೌಂಡರು ಬಾಗಿಲಿಗೆ ಬಂದು ಕೂಗಿದ.

"ಸಾಕಮ್ಮ!"

ಚಲುವ ಕತ್ತೆತ್ತಿ ನೋಡಿದ.

"ಸಾಕಮ್ಮ! ಸಾಕಮ್ಮ!"

ಚಲುವ ಯೋಚನೆ ಮಾಡಿದ. ಮೂರು ಸಲ ಹೇಳಿದ ಮೇಲೆ ಸಾಕು. ಎದುರು ಮಾತಾಡಬಾರದು. ಕೈ ಮುಗಿದ. ಹೊರಗೆ ಬಂದ. ಗಾಡಿ ಕಟ್ಟಿದ. ಊರ ದಾರಿ ಹಿಡಿದ.

ಅರ್ಧ ದಾರೀಲಿ ಸಾಕಮ್ಮನಿಗೆ ಎಚ್ಚರ ಆಯಿತು.

"ಡಾಕ್ಟರು ನೋಡಿದ್ರೇನ್ಲಾ?"

"ಇಲ್ಲ ಕಣವ್ವ. ಸಾಕು ಅಂದ್ರು."

"ಏನು ಸಾಕು?"

"ಅದೇನೋ. ಸಾಕಮ್ಮ, ಸಾಕಮ್ಮ ಅಂತ ಮೂರು ಸಲ ಅಂದ್ರು. ಸಾಕು ಅಂದ ಮೇಲೆ ಸುಮ್ನೆ ಕೂರೋದು ಮರ್ಯಾದೆ ಅಲ್ಲ ಅಂತ ಬಂದ್ಬಿಟ್ಟೆ."

ಸಾಕಮ್ಮನಿಗೆ ಬಾಯಿ ಬೆರಳಷ್ಟೇ ತೆರೀತಿತ್ತು. ಆ ಬೆರಳಷ್ಟರಲ್ಲೇ ಅತ್ತಳು, ಆ ಬೆರಳಷ್ಟರಲ್ಲೇ ಕಿರುಚಿದಳು. "ಅದು ನನ್ನ ಹೆಸರು ಕಣ್ಲಾ! ಯಾರು ಸಾಕಮ್ಮ ಅಂದ್ರೂ ಅದು ಹೆಸರು! ನಾನು ಸಾಕು ಅಂದ್ರೆ ಮಾತ್ರ ಸಾಕು! ತಿಳೀತಾ?"

"ತಿಳೀತು ಕಣವ್ವ. ನೀನು ಅಂದ್ರೆ ಮಾತ್ರ."

"ತಿರುಗಿಸು ಗಾಡಿ! ನಾನು ಸಾಕು ಅನ್ನೋಗಂಟ ನಿಲ್ಲಿಸಬ್ಯಾಡ! ಹೊಡಿ!"

ತಿರುಗಿಸಿದ. ಹೊಡೆದ. ಸಾಕಮ್ಮ ಮತ್ತೆ ಕಣ್ಣು ಮುಚ್ಚಿದಳು.

ಸಂತೆ ಊರು ಬಂತು. ಆಸ್ಪತ್ರೆ ಬಂತು. ಬಾಗಿಲಿಗೆ ಬೀಗ. ಅದೇ ಕಾಂಪೌಂಡರು ಸೈಕಲ್ಲು ಹತ್ತುತ್ತಿದ್ದ.

"ಲೇ, ನಿಲ್ಲಿಸೋ! ಡಾಕ್ಟರು ಹೋದ್ರು, ನಾಳೆ ಬಾ! ಸಾಕಮ್ಮ ಅಂತ ಎಷ್ಟು ಕೂಗಿದೆ!"

"ಅದು ಹೆಸರು ಕಣಣ್ಣ!" ಅಂದ ಚಲುವ. ಗಾಡಿ ನಿಲ್ಲಿಸಲಿಲ್ಲ.

ಹಿಂದೆ ತಿರುಗಿ ನೋಡಿದ. ಅವ್ವ ಸಾಕು ಅನ್ನಲಿಲ್ಲ. ಹೊಡೆದ. ಸಂತೆ ಊರು ದಾಟಿತು. ಕೆರೆ ಏರಿ ದಾಟಿತು. ಅವ್ವ ಸಾಕು ಅನ್ನಲಿಲ್ಲ. ಎತ್ತಿನ ಬಾಯಲ್ಲಿ ನೊರೆ. ಚಲುವ ಕೆಳಗಿಳಿದು ಎತ್ತಿನ ಜತೆ ತಾನೂ ನಡೆದ. "ಅವ್ವ, ಸಾಕಾ?" ಅಂದ. ಉತ್ತರ ಇಲ್ಲ. "ಅವ್ವೋ, ಸಾಕಾ?" ಉತ್ತರ ಇಲ್ಲ. ಅವ್ವನ ಎಡಗಣ್ಣು ಸಣ್ಣದಾಗುತ್ತಿತ್ತು. ಅಪ್ಪನ ಕಣ್ಣಿನ ಹಾಗೆ. ಅವನಿಗೆ ಅಳು ಬಂತು. ಅಳ್ತಾ ಅಳ್ತಾ ನಡೆದ. ನಿಲ್ಲಿಸಲಿಲ್ಲ.

ಹೊತ್ತು ಇಳಿಯೋ ಸಮಯಕ್ಕೆ ದೊಡ್ಡೂರು. ಅಲ್ಲೊಂದು ಕಲ್ಲಿನ ತೊಟ್ಟಿ, ತುಂಬ ನೀರು. ಎತ್ತುಗಳಿಗೆ ಸಾಕಮ್ಮನ ಮಾತಿನ ಹಂಗಿಲ್ಲವಲ್ಲ. ನಿಂತವು. ಬಾಯಿ ಹಾಕಿದವು.

"ನಡೀರಪ್ಪ, ಅವ್ವ ಇನ್ನೂ ಸಾಕು ಅಂದಿಲ್ಲ," ಅಂತ ಚಲುವ ಎತ್ತಿನ ಕಾಲು ಹಿಡಿಯೋದೊಂದು ಬಾಕಿ.

ಎದುರಿಗಿದ್ದದ್ದು ದೊಡ್ಡಾಸ್ಪತ್ರೆ. ಕಾವಲಿನೋನು ಬೈಯೋಕೆ ಅಂತ ಬಂದ, ಗಾಡಿಯೊಳಗೆ ಬಗ್ಗಿ ನೋಡಿದ. "ಅಯ್ಯೋ ಶಿವನೇ! ಇಳಿಸೋ, ಮೊದಲು ಇಳಿಸೋ!"

"ಅವ್ವ ಹೇಳಬೇಕು..."

"ನಿಮ್ಮವ್ವ ಹೇಳೋ ಹಂಗಿದ್ದಾಳೇನೋ?" ಅಂತ ನಾಲ್ಕು ಜನ ಸೇರಿ ಹೊತ್ತುಕೊಂಡು ಹೋದರು.

ಅವತ್ತೇ ಕೀವು ತೆಗೆದರು. ಹಲ್ಲು ಕಿತ್ತರು. ಸೂಜಿ ಮೇಲೆ ಸೂಜಿ. ಚಲುವ ಹೊರಗೆ ಗೋಡೆಗೆ ಒರಗಿ ನಿಂತ. ಯಾರೂ ಕೂರು ಅನ್ನಲಿಲ್ಲ, ಅದಕ್ಕೆ ಕೂರಲಿಲ್ಲ. ಡಾಕ್ಟರಮ್ಮ ಕೈ ಒರೆಸಿಕೊಳ್ತಾ ಬಂದಳು.

"ಕಣ್ಣಿನ ಕೆಳಗೇ ಬಂದುಬಿಟ್ಟಿತ್ತಪ್ಪ. ನಾಳೆ ಬಂದಿದ್ದರೆ ನನ್ನ ಕೈಲಿ ಆಗ್ತಿರಲಿಲ್ಲ. ಸಂತೆ ಊರಲ್ಲಿ ನಿಲ್ಲದೆ ನೇರ ಇಲ್ಲಿಗೆ ಬರೋ ಬುದ್ಧಿ ಯಾರು ಹೇಳಿದ್ದು ನಿನಗೆ?"

"ಅವ್ವ ಸಾಕು ಅನ್ನಲಿಲ್ಲ," ಅಂದ ಚಲುವ.

ಎಂಟು ದಿನ ಅಲ್ಲೇ ಇದ್ದರು. ದಿನಾ ಡಾಕ್ಟರಮ್ಮ ಬರೋಳು. "ಬಾಯಿ ಬಿಡು" ಅನ್ನೋಳು. ಸಾಕಮ್ಮ ಬಾಯಿ ಬಿಡೋಳು. ಪಕ್ಕದಲ್ಲಿ ಚಲುವನೂ ಬಾಯಿ ಬಿಡೋನು. ಒಂದು ದಿನ ಅವಳು ನಗ್ತಾ ಅವನ ಬಾಯೊಳಗೂ ನೋಡಿದಳು.

"ಇದೇನೋ ಇದು! ಆಲೆಮನೆಯೋನ ಬಾಯಲ್ಲಿ ಒಂದೂ ಹುಳುಕಿಲ್ಲ!"

"ಅವ್ವ ಬೆಲ್ಲ ಮುಟ್ಟಬ್ಯಾಡ ಅಂದಿದ್ಲು."

"ಯಾವಾಗ?"

"ನಾನು ಆರು ವರ್ಷದೋನಿದ್ದಾಗ."

ಸಾಕಮ್ಮ ಆ ಕಡೆ ಮುಖ ತಿರುಗಿಸಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಬಟ್ಟೆ ಸುತ್ತಿದ ಮುಖ, ಗೊತ್ತಾಗಲಿಲ್ಲ.

ಹೊರಡೋ ದಿನ ಡಾಕ್ಟರಮ್ಮ ಚಲುವನಿಗೆ ಹೇಳಿದಳು. ಬೆಳಿಗ್ಗೆ ಒಂದು ಸಲ, ಮಲಗೋ ಮುಂಚೆ ಒಂದು ಸಲ ಹಲ್ಲುಜ್ಜಬೇಕು. ದವಡೇಲಿ ಬೆಲ್ಲ ಇಟ್ಟುಕೊಳ್ಳಬಾರದು. ಉಂಡ ಮೇಲೆ ಬೆಚ್ಚಗಿನ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಬೇಕು. ಆರು ತಿಂಗಳಿಗೊಂದು ಸಲ ಹಲ್ಲು ತೋರಿಸಬೇಕು. "ಯಾರಿಗೇ ಹಲ್ಲು ನೋವು ಬರಲಿ, ಮುಖ ಊದೋವರೆಗೂ ಕಾಯಬೇಡಿ. ಕೆನ್ನೆಗೆ ಕೈ ಇಟ್ಟುಕೊಂಡ ದಿನವೇ ಕರಕೊಂಡು ಬಾ."

"ಹಂಗೇ ಆಗ್ಲಿ. ಉಪ್ಪುನೀರು ಎಷ್ಟು ದಿನ ಕೊಡ್ಲಿ?"

ಸಾಕಮ್ಮ ಗಾಡಿಯಲ್ಲಿ ಕೂತಿದ್ದಳು. ಮುಖ ಇಳಿದಿತ್ತು. ಬಹಳ ದಿನದ ಮೇಲೆ ನಕ್ಕಳು. "ನಾನು ಸಾಕು ಅನ್ನೋಗಂಟ ಕೊಡ್ಲಾ. ನೀನೂ ಮುಕ್ಕಳಿಸು."

"ಹಂಗೇ ಆಗ್ಲಿ ಕಣವ್ವ."

ಆಮೇಲೆ ನೋಡಬೇಕಿತ್ತು ಗಾಣದಕೊಪ್ಪಲನ್ನ! ಶ್ಯಾನುಭೋಗರು ಜಗುಲಿ ಮೇಲೆ ಕೆನ್ನೆಗೆ ಕೈಯಿಟ್ಟು ಮಗಳ ಮದುವೆ ಯೋಚನೆ ಮಾಡ್ತಾ ಕೂತಿದ್ದರು. ಚಲುವ ಅವರನ್ನು ಅನಾಮತ್ತಾಗಿ ಎತ್ತಿ ಗಾಡಿಗೆ ಹಾಕಿಕೊಂಡು ದೊಡ್ಡೂರಿಗೆ ಹೊಡೆದ.

"ಬಿಡೋ! ನಂಗೇನಾಗಿದೆಯೋ!"

"ಕೆನ್ನೆಗೆ ಕೈ ಇಟ್ಟಿದ್ರಿ ಸ್ವಾಮಿ!"

ನೋಡಿದರೆ ಅವರ ದವಡೇಲಿ ನಿಜವಾಗಲೂ ಒಂದು ಹುಳುಕು. ಅವತ್ತಿಂದ ಊರಲ್ಲಿ ಯಾರೂ ಸುಮ್ಮಸುಮ್ಮನೆ ಕೆನ್ನೆಗೆ ಕೈ ಇಡಲಿಲ್ಲ. ಯಾರ ಮುಖವೂ ಊದಲಿಲ್ಲ.

ಆರು ತಿಂಗಳಿಗೆ ಸರಿಯಾಗಿ ಚಲುವ ನಡಕೊಂಡು ಹೋಗಿ, ಡಾಕ್ಟರಮ್ಮನ ಮುಂದೆ ಈ ಅಂತ ಹಲ್ಲು ತೋರಿಸಿ, ಒಂದು ಮಾತೂ ಆಡದೆ ವಾಪಸ್ಸು ಬಂದ. ಸಾಕಮ್ಮ ಬೈದಳು. "ನನ್ನೂ ಕರಕೊಂಡು ಹೋಗಬೇಕು ಕಣ್ಲಾ! ಬಾಯಿ ಬಿಟ್ಟು ತೋರಿಸಬೇಕು!" ಅವತ್ತಿಂದ ಊರ ಬಾಗಿಲಲ್ಲೇ ಬಾಯಿ ಬಿಟ್ಟುಕೊಂಡು ಗಾಡಿ ಹೊಡೆಯೋನು. ಹಿಂದೆ ಅವ್ವ. "ಮುಚ್ಚೋ, ನೊಣ ಹೋಗ್ತದೆ!"

ಉಪ್ಪುನೀರು ತಪ್ಪಲಿಲ್ಲ. ಉಂಡ ಕೂಡಲೇ ಹಿತ್ತಲ ಕಲ್ಲಿನ ಹತ್ತಿರ ಎರಡು ಚೊಂಬು. ಒಂದು ಅವ್ವಂಗೆ, ಒಂದು ಅವನಿಗೆ. ಇಬ್ಬರೂ ಕೂತು ಗುಳಗುಳ ಅನ್ನಿಸಿ ಉಗುಳೋರು. ಉಪ್ಪು ಜಾಸ್ತಿ ಆಯ್ತು ಅಂತ ಬೈಯೋಳು. ಉಪ್ಪು ಕಮ್ಮಿ ಆಯ್ತು ಅಂತ ಬೈಯೋಳು. ಸಾಕು ಅಂತ ಮಾತ್ರ ಅನ್ನಲಿಲ್ಲ. ಹದಿನಾರು ವರ್ಷ.

ಒಂದು ಮಧ್ಯಾಹ್ನ ರಾಗಿಮುದ್ದೆ, ಸೊಪ್ಪಿನ ಸಾರು ಉಂಡು ಸಾಕಮ್ಮ ಗೋಡೆಗೆ ಒರಗಿದಳು. ಚಲುವ ಚೊಂಬು ತಂದ.

"ಅವ್ವ, ನೀರು."

ಕೈ ಚಾಚಲಿಲ್ಲ. ನೀರು ಆರಿಹೋಗ್ತದೆ ಅಂತ ಬೈಯಲೂ ಇಲ್ಲ. ನೋವಿಲ್ಲ, ಊತ ಇಲ್ಲ. ಮುಖ ತಿಳಿಯಾಗಿತ್ತು. ವಯಸ್ಸಾಗಿತ್ತು, ಹೋದಳು. ಚಲುವ ನೀರು ಆರಿತು ಅಂತ ಮತ್ತೆ ಕಾಯಿಸಿಕೊಂಡು ಬಂದ. ಮತ್ತೆ ಆರಿತು. ಮತ್ತೆ ಕಾಯಿಸಿದ. ಸಂಜೆಗೆ ದುಂಡಜ್ಜಿಯ ಮಗಳು ನಂಜಿ ಬಂದು ನೋಡಿ ಅಳೋಗಂಟ ಕಾಯಿಸುತ್ತಲೇ ಇದ್ದ.

ಮನೇಲಿ ಬೈಯೋರಿಲ್ಲ. ಅದೇ ಅವನಿಗೆ ವಿಚಿತ್ರ. ಬಾಗಿಲು ತೆರೆದೇ ಬಿಟ್ಟ, ಯಾರೂ ಬೈಯಲಿಲ್ಲ. ಹಾಲು ಉಕ್ಕಿಸಿದ, ಯಾರೂ ಬೈಯಲಿಲ್ಲ.

ಹನ್ನೊಂದನೇ ದಿನ ಎಡೆ ಇಟ್ಟರು. ಸಾಕಮ್ಮನಿಗೆ ಇಷ್ಟವಾದದ್ದೆಲ್ಲ ಎಲೆ ಮೇಲೆ. ಒಬ್ಬಟ್ಟು, ಪಾಯಸ, ಒಂದು ಅಚ್ಚು ಬೆಲ್ಲ. ಚಲುವ ಬೆಲ್ಲ ನೋಡಿದ. ಟವಲ್ಲು ಸುತ್ತಿ ಅದನ್ನು ಎತ್ತಿ ಆಚೆ ಇಟ್ಟ. ಆ ಜಾಗದಲ್ಲಿ ಬೆಚ್ಚಗಿನ ಉಪ್ಪುನೀರಿನ ಚೊಂಬು ಇಟ್ಟ.

"ಚಲುವಣ್ಣ," ಅಂದಳು ನಂಜಿ, "ಇನ್ನು ಸಾಕು ಕಣಣ್ಣ."

"ನೀನು ಹೇಳಂಗಿಲ್ಲ ಕಣೆ ನಂಜಿ."

ತಿಥಿ ಮಾಡಿಸೋಕೆ ಬಂದಿದ್ದ ದಾಸಯ್ಯ ಎಡೆ ಮುಂದೆ ಶಂಖ ಊದಿದ. ಹೋದೋರ ಹೆಸರು ಹಿಡಿದು ಗಟ್ಟಿಯಾಗಿ ಕೂಗಿದ.

"ಸಾಕಮ್ಮ! ಸಾಕಮ್ಮ! ಸಾಕಮ್ಮ!"

ಇಡೀ ಊರು ಚಲುವನ ಮುಖ ನೋಡಿತು. ಮೂರು ಸಲ ಅಂದಾಯ್ತಲ್ಲ.

ಚಲುವ ನಕ್ಕ. "ಅದು ಹೆಸರು," ಅಂದ.

ಈಗ ಅವನಿಗೂ ತಲೆ ಬೆಳ್ಳಗಾಗಿದೆ. ಬಾಯಲ್ಲಿ ಮೂವತ್ತೆರಡೂ ಹಲ್ಲು ಹಾಗೇ ಇವೆ. ಉಂಡ ಮೇಲೆ ಎರಡು ಚೊಂಬು ಹಿಡಕೊಂಡು ಹಿತ್ತಲ ಕಲ್ಲಿನ ಹತ್ತಿರ ಹೋಗ್ತಾನೆ. ಒಂದು ಬಾಯಿ ಮುಕ್ಕಳಿಸಿ ಉಗುಳ್ತಾನೆ, "ಇದು ನಂದು." ಇನ್ನೊಂದು ಬಾಯಿ ಮುಕ್ಕಳಿಸಿ ಕಲ್ಲಿನ ಆ ಪಕ್ಕಕ್ಕೆ ಉಗುಳ್ತಾನೆ, "ಇದು ಅವ್ವಂದು." ಉಪ್ಪು ಕುಡಿದು ಕುಡಿದು ಆ ಪಕ್ಕದ ನೆಲ ಬೆಳ್ಳಗಾಗಿದೆ. ಒಂದು ಗರಿಕೆ ಕೂಡ ಹುಟ್ಟಲ್ಲ.

ಯಾರಾದರೂ ಬೇಲಿ ಆಚೆಯಿಂದ ಕೇಳ್ತಾರೆ, "ಇನ್ನೂ ಎಷ್ಟು ದಿನ ಚಲುವಣ್ಣ?"

ಅವನು ಬೆಳ್ಳಗಿನ ನೆಲದ ಕಡೆ ಒಂದು ಸಲ ನೋಡ್ತಾನೆ. ಸ್ವಲ್ಪ ಹೊತ್ತು ಕಿವಿಗೊಡ್ತಾನೆ.

"ಅವ್ವ ಇನ್ನೂ ಸಾಕು ಅಂದಿಲ್ಲ."